ಎದೆ ಡಾಕ್ಟರು ಮತ್ತು ತರಕಾರಿ ಮಣೆ

ನಮ್ಮ ದೊಡ್ಡಪ್ಪ ಓದಿದ್ದು ಏಳನೇ ತರಗತಿ, ಆದರೆ ಇಡೀ ಕಂಪನಿ ಅವರನ್ನು ಎದೆ ಡಾಕ್ಟರು ಎನ್ನುತ್ತಿತ್ತು. ಬೆಲೆಬಾಳುವ ಸಾಮಾನನ್ನು ವ್ಯಾನಿನಲ್ಲಿ ಸಾಗಿಸುವ ಕಂಪನಿ ಅದು. ಕಾವಲುಗಾರರಿಗೆ ಗುಂಡು ತಡೆಯುವ ಜಾಕೆಟ್ಟು ಆರಿಸಿ, ಒಳಗಿನ ಪ್ಲೇಟನ್ನು ಅಳತೆಗೆ ಕೂರಿಸಿ, ರಿಜಿಸ್ಟರಿಗೆ ಸಹಿ ಹಾಕುವುದು ದೊಡ್ಡಪ್ಪನ ಕೆಲಸ. ಬೆಳಿಗ್ಗೆ ಗೇಟಿನಲ್ಲಿ ನಿಂತು ಒಬ್ಬೊಬ್ಬರ ಎದೆಯನ್ನೂ ಬೆರಳಗಂಟಿನಿಂದ ತಟ್ಟುತ್ತಿದ್ದರು. ಪ್ಲೇಟು ಸರಿಯಿದ್ದರೆ ಗಟ್ಟಿ ಸದ್ದು, ಬಿರುಕು ಬಿಟ್ಟಿದ್ದರೆ ಒಡಕು ಸದ್ದು.

ಅವರ ಶಾಸ್ತ್ರ ಬಲು ಕಟ್ಟುನಿಟ್ಟು. ಪ್ಲೇಟಿನ ಮೇಲಂಚು ಗಂಟಲಗುಳಿಯಿಂದ ಎರಡು ಬೆರಳು ಕೆಳಗಿರಬೇಕು. ಪಕ್ಕದ ಪಟ್ಟಿಯೊಳಗೆ ಅಂಗೈ ತೂರಬೇಕು. ಆಮೇಲೆ ಸ್ಟೂಲಿನ ಮೇಲೆ ಕೂತು, ಬಗ್ಗಿ ಬೂಟಿನ ದಾರ ಕಟ್ಟಿ, ಒಂದು ಸಲ ಆಕಳಿಸಿ ತೋರಿಸಬೇಕು. ಆಕಳಿಕೆ ಬರದವರ ಮುಂದೆ ತಾವೇ ಆಕಳಿಸಿ ಬರಿಸುತ್ತಿದ್ದರು. ಹಿರಿಯ ಡ್ರೈವರೊಬ್ಬರು ಪ್ಲೇಟನ್ನು ಹೊಟ್ಟೆಯ ಮೇಲೇ ಇಡಿ ಎಂದು ಹಟ ಹಿಡಿದರು.

"ಇದನ್ನ ಬೆಳೆಸೋಕೆ ಇಪ್ಪತ್ತು ವರ್ಷ ಹಿಡಿದಿದೆ ಡಾಕ್ಟ್ರೇ!"

"ಗುಂಡು ಹೊಟ್ಟೆಗೆ ಬಿದ್ರೆ ಆಸ್ಪತ್ರೆಗೆ ಹೋಗೋಕಾದ್ರೂ ಟೈಮಿರುತ್ತೆ. ಮೇಲೆತ್ತಿ."

ಊರಿಗೆಲ್ಲ ಹೀಗೆ ಶಾಸ್ತ್ರ ಹೇಳಿದ ಮನುಷ್ಯ, ದೊಡ್ಡಮ್ಮನ ತಮ್ಮನ ವಿಷಯದಲ್ಲಿ ಎಡವಿದರು. ಮೈ ಅಷ್ಟು ಸಣಕಲಾದ್ದರಿಂದ ನಾವು ಅವನನ್ನು ಕಡ್ಡಿ ಮಾವ ಎನ್ನುತ್ತಿದ್ದೆವು. ಹತ್ತು ವರ್ಷದವನಿದ್ದಾಗಿನಿಂದ ದೊಡ್ಡಪ್ಪನೇ ಸಾಕಿದ್ದು, ಕೆಲಸಕ್ಕೆ ಸೇರಿಸಿದ್ದೂ ಅವರೇ. ಬೇರೊಂದು ಕಂಪನಿಯ ವ್ಯಾನಿನ ಮೇಲೆ ಗುಂಡು ಹಾರಿತೆಂಬ ಸುದ್ದಿ ಬಂದದ್ದೇ ತಡ, ದೊಡ್ಡಪ್ಪ ಗೋದಾಮಿನಲ್ಲಿದ್ದ ಅತಿ ದೊಡ್ಡ ಪ್ಲೇಟನ್ನು ಅವನಿಗೆ ತೊಡಿಸಿದರು. ಸ್ಟೂಲಿನ ಮೇಲೆ ಕೂರಿಸಿ ನೋಡಲಿಲ್ಲ, ಆಕಳಿಸಲೂ ಹೇಳಲಿಲ್ಲ. ಗೇಟಿನಲ್ಲಿ ಅವನೊಬ್ಬನನ್ನು ತಟ್ಟುತ್ತಲೂ ಇರಲಿಲ್ಲ. "ನಾನೇ ಕೂರಿಸಿದ್ದು, ಇನ್ನೇನು ತಟ್ಟೋದು!"

ಅದೇ ವಾರ ದೊಡ್ಡಮ್ಮ ಅಡುಗೆಮನೆಯಿಂದ ಗೊಣಗತೊಡಗಿದರು. "ಎಂಥ ಮಣೆ ತಂದಿದ್ದೀರಿ ಇದು? ಬಾಗಿದೆ. ಟೊಮೆಟೊ ಇಟ್ರೆ ಉರುಳಿ ಹೋಗುತ್ತೆ. ಚಾಕು ಬೇರೆ ಮೊಂಡಾಯ್ತು."

ದೊಡ್ಡಪ್ಪ ಪೇಪರಿನಿಂದ ತಲೆ ಎತ್ತದೆ ಹೂಂಗುಟ್ಟಿದರು.

ವರ್ಷದ ತಪಾಸಣೆಯ ದಿನ ಮ್ಯಾನೇಜರು ಗೇಟಿಗೆ ಬಂದರು. ಎಲ್ಲರನ್ನೂ ತಟ್ಟಲೇಬೇಕು. ಪ್ಲೇಟು ತೆಗೆದಿಟ್ಟು ಬಂದವನಿಗೆ ಅವತ್ತೇ ಕೆಲಸದಿಂದ ವಜಾ, ಇದು ಕಂಪನಿಯ ನಿಯಮ. ದೊಡ್ಡಪ್ಪ ಜಂಬದಿಂದಲೇ ಕಡ್ಡಿ ಮಾವನ ಎದೆ ತಟ್ಟಿದರು. ಟಕ್ ಟಕ್ ಎಂದಿತು, ಬಾಗಿಲು ಬಡಿದ ಹಾಗೆ. ಜಾಕೆಟ್ಟಿನೊಳಗೆ ಕೈ ಹಾಕಿ ಎಳೆದರೆ, ಮೂಲೆ ಮುರಿದ, ಬೀಟ್ರೂಟಿನ ಕಲೆಯ, ದೊಡ್ಡಮ್ಮನ ತರಕಾರಿ ಮಣೆ! ಸಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಪ್ಲೇಟೆಲ್ಲೋ?"

"ಅಕ್ಕನ ಅಡುಗೆಮನೇಲಿ, ಮಣೆ ಇದ್ದ ಜಾಗದಲ್ಲೇ. ಜಾಗ ಖಾಲಿ ಬಿಟ್ರೆ ಅಕ್ಕ ಹುಡುಕ್ತಾಳಲ್ಲ ಭಾವ."

ದೀಪದ ಬುಡದಲ್ಲೇ ಕತ್ತಲೆ. ತಟ್ಟಿಯೇ ಹೆಸರು ಮಾಡಿದ ಮನುಷ್ಯ, ಒಂದು ವಾರ ಪ್ಲೇಟಿನ ಮೇಲೆ ಹೆಚ್ಚಿದ ತರಕಾರಿಯನ್ನೇ ತಿಂದಿದ್ದರು.

"ಯಾಕೋ ಹೀಗೆ ಮಾಡ್ದೆ?"

ಕಡ್ಡಿ ಮಾವ ನೆಲ ನೋಡಿದ. "ಅದನ್ನ ಹಾಕ್ಕೊಂಡ್ರೆ ವ್ಯಾನಲ್ಲಿ ಕೂರೋಕಾಗಲ್ಲ ಭಾವ. ಗಂಟಲು ಒತ್ತುತ್ತೆ, ಕೈ ಏಳಲ್ಲ. ನೀವು ನನಗೆ ಅಂತ ಆರಿಸಿದ್ದು. ಬೇಡ ಅಂತ ಹೆಂಗೆ ಹೇಳಲಿ?"

ಮ್ಯಾನೇಜರು ರಿಜಿಸ್ಟರು ತೆರೆದು ಪೆನ್ನು ಚಾಚಿದರು. "ವಜಾ ಅಂತ ಬರೀರಿ."

ದೊಡ್ಡಪ್ಪ ಬರೆದರು: "ಪ್ಲೇಟು ಅಳತೆಗಿಂತ ದೊಡ್ಡದು. ತಪ್ಪು ಅಳತೆ ತೆಗೆದವನದು." ಕೆಳಗೆ ಎಂದಿನಂತೆ ಸಹಿ ಹಾಕಿದರು.

ಮ್ಯಾನೇಜರು ಅದನ್ನು ಎರಡು ಸಲ ಓದಿ, ದೊಡ್ಡಪ್ಪನ ಬಳಿಯಿದ್ದ ಗೋದಾಮಿನ ಬೀಗದಕೈಯನ್ನು ವಾಪಸು ಕೇಳಿದರು. "ಒಂದು ಅಳತೆ ಬಾಕಿ ಇದೆ ಸಾರ್" ಎಂದು ದೊಡ್ಡಪ್ಪ ಒಳಹೋಗಿ ಸಣ್ಣ ಪ್ಲೇಟೊಂದನ್ನು ತಂದು ತೊಡಿಸಿದರು. ಎರಡು ಬೆರಳಿಟ್ಟು ನೋಡಿದರು, ಅಂಗೈ ತೂರಿಸಿ ನೋಡಿದರು, ಸ್ಟೂಲು ಎಳೆದರು. ಕಡ್ಡಿ ಮಾವ ಕೂತ, ದಾರ ಕಟ್ಟಿದ. ಆಕಳಿಸು ಎಂದರೆ ಅಳು ಬಂತು. ದೊಡ್ಡಪ್ಪನೇ ಆಕಳಿಸಿ ತೋರಿಸಿದರು. ಅವರ ಕಣ್ಣಲ್ಲೂ ನೀರಿತ್ತು.

ಈಗ ದೊಡ್ಡಪ್ಪ ಅದೇ ಕಂಪನಿಯಲ್ಲಿ ಕಾವಲುಗಾರರಿಗೆ ಬೂಟು ಕೊಡುವ ಕಿಟಕಿಯಲ್ಲಿ ಕೂರುತ್ತಾರೆ. ಗೇಟಿನಲ್ಲಿ ತಟ್ಟಲು ಬೇರೆಯವರಿದ್ದಾರೆ. ಅವರಿಂದ ತಟ್ಟಿಸಿಕೊಂಡ ಮೇಲೂ ಕಡ್ಡಿ ಮಾವ ದಿನಾ ಆ ಕಿಟಕಿಯ ಮುಂದೆ ಬಂದು ಎದೆ ಕೊಟ್ಟು ನಿಲ್ಲುತ್ತಾನೆ.

"ತಟ್ಟಿ ಭಾವ, ಲೇಟಾಗ್ತಿದೆ."