ಗಿಡ್ಡ ಗೆರೆಯ ನಟ

ವ್ಯವಹಾರ ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಉರ್ವ ಮಾರ್ಕೆಟಿನಲ್ಲಿ ತರಕಾರಿ ಮಾರುತ್ತ ಕಲಿತು, ಎಂಬತ್ತರ ದಶಕದಲ್ಲಿ ಒಂದು ತುಳು ನಾಟಕ ತಂಡದ ಮ್ಯಾನೇಜರ್ ಆದೆ. ಅಲ್ಲಿ ಪೆಟ್ಟು ತಿಂದು ಹೇಳುತ್ತೇನೆ: ಕಂಪ್ಯೂಟರ್ ಆಟ ಗೆದ್ದವನ ಸಲಹೆ ಕೇಳಬೇಡಿ, ಗೆದ್ದವರು ನೀವೇ ಆಗಿದ್ದರೂ.

ಕಾಟಿಪಳ್ಳದ ಸ್ನೇಹಿತನೊಬ್ಬ ಗಲ್ಫಿನಿಂದ ಬರುವಾಗ ಟಿವಿಗೆ ಜೋಡಿಸುವ ಕಂಪ್ಯೂಟರ್ ತಂದಿದ್ದ. ಕ್ಯಾಸೆಟ್ ಹಾಕಿದರೆ ಐದು ನಿಮಿಷ ಕಿರ್ರೆಂದು ಅರಚಿ, ಆಮೇಲೆ ಆಟ ತೆರೆಯುತ್ತಿತ್ತು. ನಾಟಕ ಕಂಪನಿ ನಡೆಸುವ ಆಟ. ನಾಟಕ ಆರಿಸಬೇಕು, ನಟರನ್ನು ಸೇರಿಸಬೇಕು, ಊರೂರು ತಿರುಗಬೇಕು. ಪ್ರತಿ ನಟನ ಮುಂದೆ ಅವನ ಶಕ್ತಿ ತೋರಿಸುವ ಒಂದು ಗೆರೆ. ವಯಸ್ಸಾದಂತೆ ಅದು ಗಿಡ್ಡವಾಗುತ್ತದೆ. ಗಿಡ್ಡ ಗೆರೆಯವರನ್ನೆಲ್ಲ ತೆಗೆದುಹಾಕಿ ಮೂರನೆಯ ಭಾನುವಾರ ಗೆದ್ದೆ.

"ನಿನ್ನ ತಂಡದಲ್ಲಿಯೂ ಒಬ್ಬ ಗಿಡ್ಡ ಗೆರೆಯವ ಉಂಟಲ್ಲ ಮಾರಾಯ," ಎಂದು ಸ್ನೇಹಿತ ನಕ್ಕ.

ಇದ್ದರು. ಗಂಡಸಾದರೂ ಇಪ್ಪತ್ತು ವರ್ಷದಿಂದ ಸೀರೆಯುಟ್ಟು ತಾಯಿಯ ಪಾತ್ರ ಮಾಡುತ್ತಿದ್ದವರು. ನನ್ನನ್ನು ತಂಡಕ್ಕೆ ಕರೆತಂದವರೂ ಅವರೇ. ಧ್ವನಿ ಒಡೆದಿತ್ತು, ಮಂಡಿ ಹಿಡಿದಿತ್ತು. ಮಳೆಗಾಲ ಕಳೆದ ಮೇಲೆ ಅವರ ಜಾಗಕ್ಕೆ ಪಡೀಲಿನ ಒಬ್ಬ ಯುವತಿಯನ್ನು ತಂದೆ. ಅವರಿಗೆ ಮುಖ ಕೊಟ್ಟು ಹೇಳಲಿಲ್ಲ, ಚೀಟಿ ಕಳಿಸಿದೆ.

ನಮ್ಮ ನಾಟಕಗಳು ಪುಸ್ತಕದಲ್ಲಿ ಅರ್ಧವೇ ಇರುತ್ತಿದ್ದವು. ಉಳಿದರ್ಧ ರಂಗದ ಮೇಲೆ ಬಾಯಿಂದ ಬಾಯಿಗೆ ಹುಟ್ಟುತ್ತಿತ್ತು. ಹಾಸ್ಯಗಾರನಿಗೆ ನಗೆ ಹುಟ್ಟಿಸುವ ಪ್ರಶ್ನೆಗಳನ್ನು ಎತ್ತಿಕೊಡುತ್ತಿದ್ದದ್ದು ಅವರೇ ಎಂದು ನನಗೆ ಗೊತ್ತಾದದ್ದು ಅವರಿಲ್ಲದ ಮೊದಲ ಪ್ರದರ್ಶನದಲ್ಲಿ. ಯುವತಿ ಪುಸ್ತಕದಲ್ಲಿದ್ದದ್ದನ್ನು ತಪ್ಪಿಲ್ಲದೆ ಒಪ್ಪಿಸಿದಳು. ಹಾಸ್ಯಗಾರ ಬಾರದ ಪ್ರಶ್ನೆಗೆ ಕಾಯುತ್ತ ನಿಂತ. ಎದುರು ಸಾಲಿನ ಹೆಂಗಸೊಬ್ಬಳು, "ನಮ್ಮ ಅಮ್ಮ ಎಲ್ಲಿ ಮಾರಾಯ್ರೆ? ಇವಳು ಪಾಠ ಓದ್ತಾಳಲ್ಲ," ಎಂದಳು. ಎರಡೂವರೆ ಗಂಟೆಯ ನಾಟಕ ಒಂದೂಕಾಲು ಗಂಟೆಗೆ ಮುಗಿಯಿತು.

ಮರುದಿನ ಬೆಳಿಗ್ಗೆಯೇ ಅವರ ಮನೆಗೆ ಹೋದೆ. ಜಗಲಿಯಲ್ಲಿ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು.

"ನೀವು ಬರಬೇಕು," ಎಂದೆ. "ಅವಳು ಮಗಳಾಗಲಿ, ನೀವು ತಾಯಿಯೇ. ಹೊಸ ಸೀರೆ ಕೊಡಿಸ್ತೇನೆ."

"ಇದೆಂತ, ಬಸಳೆ ಕಟ್ಟಿನ ಮೇಲೆ ಪುಕ್ಕಟೆ ಕೊತ್ತಂಬರಿ ಕೊಟ್ಟ ಹಾಗೆ?"

"ನಿಮ್ಮ ಮಾತು ಪುಸ್ತಕದಲ್ಲಿಲ್ಲ."

"ಚೀಟಿಯಲ್ಲಿ ಎಂತ ಬರೆದದ್ದು, ನೆನಪುಂಟಾ? ವಿಶ್ರಾಂತಿ ತೆಗೆದುಕೊಳ್ಳಿ ಅಂತ. ತೆಗೆದುಕೊಳ್ತಾ ಇದ್ದೇನೆ." ಒಳಗೆ ಕೂಗಿ ಚಹಾ ತರಿಸಿದರು. "ಕುಡಿದು ಹೋಗು."

ನಾಟಕ ಬೇಕೆಂದು ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಅವರಿದ್ದಾರಾ ಎಂದೇ. ಇಲ್ಲ ಎಂದರೆ ಎದ್ದು ಹೋಗುತ್ತಿದ್ದರು. ಮುಂದಿನ ಮಳೆಗಾಲಕ್ಕೆ ತಂಡ ಇರಲಿಲ್ಲ. ಪರದೆಗಳು ಮದುವೆ ಚಪ್ಪರದವನಿಗೆ ಹೋದವು. ತಾಯಿಯ ಪಾತ್ರದ ಸೀರೆಗಳನ್ನು ಅವರ ಮನೆಗೆ ಕಳಿಸಿದೆ. ಕಟ್ಟು ಬಿಚ್ಚದೆಯೇ ಹಿಂದಕ್ಕೆ ಕಳಿಸಿದರು.