ಅಶ್ವತ್ಥನಾರಾಯಣ ಹತ್ತದ ಗಾಡಿ

ಗುರುಸಿದ್ದಮ್ಮ ಓದಿದ್ದು ನಾಲ್ಕನೇ ಇಯತ್ತೆ. ಇಂಗ್ಲಿಷ್ ಅಕ್ಷರ ಬಾರದು, ಅಂಕಿ ಬರುತ್ತವೆ. ಆ ಅಂಕಿಗಳ ಬಲದ ಮೇಲೆಯೇ ಅವಳು ಹಿಲ್ಸ್‌ಬರೋದ ಅಶ್ವತ್ಥನಾರಾಯಣನನ್ನು ಗಾಡಿಯಿಂದ ಇಳಿಸಿದಳು. ಅದನ್ನು ಮೊದಲಿನಿಂದ ಹೇಳಬೇಕು.

ಅವಳ ಗಂಡ ಶಿವಶಂಕರಪ್ಪ ಹುಬ್ಬಳ್ಳಿಯಲ್ಲಿ ಮೂವತ್ತೆರಡು ವರ್ಷ ರೈಲ್ವೆ ಗಾರ್ಡ್ ಆಗಿದ್ದರು. ಗಾರ್ಡ್ ಕೂರುವುದು ಗಾಡಿಯ ಕೊನೆಯ ಡಬ್ಬಿಯಲ್ಲಿ. ಲೋಂಡಾದ ಕಾಡು, ಕ್ಯಾಸಲ್‌ರಾಕ್‌ನ ಘಾಟು, ಸುರಂಗ, ಎಲ್ಲವನ್ನೂ ಅವರು ನೋಡಿದ್ದು ಅವು ಹಿಂದೆ ಸರಿದು ಹೋಗುವಾಗ. ರಿಟೈರಾದ ಮೇಲೆ ಗಂಡ ಹೆಂಡತಿ ಅಮೆರಿಕದ ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್‌ಗೆ, ಮಗಳು ಸೌಜನ್ಯಾಳ ಮನೆಗೆ ಬಂದರು. ಮಗಳು ಅಳಿಯ ಬೆಳಿಗ್ಗೆ ಕಾರು ತೆಗೆದರೆ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಊರಿನ ಹೆಸರಿನಲ್ಲಿ ಜಂಕ್ಷನ್ ಇದೆ, ಜನ ಹತ್ತುವ ಗಾಡಿ ಒಂದೂ ನಿಲ್ಲುವುದಿಲ್ಲ ಎಂದು ಶಿವಶಂಕರಪ್ಪ ಮೊದಲ ವಾರವೇ ಕಂಡುಹಿಡಿದು ಬೇಸರಪಟ್ಟರು.

ಬೇಸರ ಕಳೆದದ್ದು ಲೈಬ್ರರಿಯಲ್ಲಿ. ಯುರೋಪಿನ ರೈಲುಗಳ ವೇಳಾಪಟ್ಟಿಯ ದಪ್ಪ ಪುಸ್ತಕವೊಂದು ಅಲ್ಲಿ ಕೈಗೆ ಸಿಕ್ಕಿತು. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಕಂಪ್ಯೂಟರ್ ಕಂಪನಿಗಳು ಉಬ್ಬಿ ನಿಂತಿದ್ದ ಕಾಲ. ಬೇಸಿಗೆ ಬಂತೆಂದರೆ ಎಡಿಸನ್‌ನಿಂದ ಓಲ್ಡ್ ಬ್ರಿಡ್ಜ್‌ವರೆಗಿನ ಊರುಗಳ ನಮ್ಮವರಿಗೆಲ್ಲ ಸ್ವಿಟ್ಜರ್ಲೆಂಡ್ ನೋಡಬೇಕು. ಯಾವ ಗಾಡಿ ಹಿಡಿಯಬೇಕು, ಎಲ್ಲಿ ಇಳಿದು ಎಲ್ಲಿ ಹತ್ತಬೇಕು, ಯಾವ ಬದಿಗೆ ಕೂತರೆ ಕಣಿವೆ ಕಾಣುತ್ತದೆ, ಕೇಳಿದವರಿಗೆಲ್ಲ ಶಿವಶಂಕರಪ್ಪ ಬರೆದು ಕೊಟ್ಟರು. ತಾವು ಆಲ್ಪ್ಸ್ ಕಂಡವರಲ್ಲ.

ಅವರ ಕಣ್ಣಿಗೆ ಪೊರೆ ಬಂದಿತ್ತು. ಸಣ್ಣ ಅಂಕಿ ಕಾಣುತ್ತಿರಲಿಲ್ಲ. ಅಂಕಿ ಓದುವುದು ಗುರುಸಿದ್ದಮ್ಮನ ಕೆಲಸವಾಯಿತು. ಅವರು ಪಟ್ಟಿಯ ನಂಬರು ಹೇಳಬೇಕು, ಅವಳು ಆ ಪುಟ ಹುಡುಕಿ ಬೆರಳಿಟ್ಟು ಮೇಲಿಂದ ಕೆಳಗೆ ಗಂಟೆ ನಿಮಿಷ ಕೂಗಬೇಕು, ಅವರು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಬೇಕು. ವೇಳೆ ಕಪ್ಪು ಪೆನ್ಸಿಲಿನಲ್ಲಿ, ಎಚ್ಚರಿಕೆ ಕೆಂಪಿನಲ್ಲಿ. ಕೆಂಪು ಇದ್ದಲ್ಲಿ ನಿಂತು ಓದಬೇಕು, ಅದು ಅವರ ಪದ್ಧತಿ.

ಬ್ರಿಗ್ ಎಂಬ ಊರಿನಲ್ಲಿ ದೊಡ್ಡ ಗಾಡಿ ಇಳಿದು, ಸ್ಟೇಷನ್ನಿನ ಹೊರಗೆ ಬಂದು, ಬೆಟ್ಟ ಹತ್ತುವ ಸಣ್ಣ ಗಾಡಿ ಹಿಡಿಯಬೇಕು. ಅದಕ್ಕೆ ಎಷ್ಟು ಹೊತ್ತು ಬೇಕೆಂದು ತಿಳಿಯಲು ಶಿವಶಂಕರಪ್ಪ ಹೆಂಡತಿಯ ಕೈಗೆ ತುಂಬಿದ ಸೂಟ್‌ಕೇಸು ಎರಡು ಕೊಟ್ಟು ಪಾರ್ಕಿಂಗ್ ಲಾಟಿನಲ್ಲಿ ನಡೆಸಿದರು. ತಾವು ಗಡಿಯಾರ ಹಿಡಿದು ನಿಂತರು. ಸುತ್ತ ಹಿಮ, ಸೀರೆಯ ಮೇಲೆ ಅಳಿಯನ ಜಾಕೆಟ್ಟು, ಕಾಲಲ್ಲಿ ಮಗಳ ಬೂಟು. ಪಕ್ಕದ ಮನೆಯ ಗುಜರಾತಿ ಹೆಂಗಸು ಇದನ್ನು ಕಿಟಕಿಯಿಂದ ನೋಡಿ, ಮುದುಕ ಮುದುಕಿಯನ್ನು ಮನೆಯಿಂದ ಹೊರಗೆ ಹಾಕುತ್ತಿದ್ದಾನೆ ಎಂದು ಸೌಜನ್ಯಾಳ ಆಫೀಸಿಗೆ ಫೋನು ಮಾಡಿದಳು. ಅವರು ಕೆಂಪಿನಲ್ಲಿ ಬರೆದರು: ಗುರುಸಿದ್ದಿಗೆ ಒಂಬತ್ತು ನಿಮಿಷ, ಉಳಿದವರಿಗೆ ಏಳು.

ಇಷ್ಟೆಲ್ಲ ಮಾಡಿದ್ದು ಅಶ್ವತ್ಥನಾರಾಯಣನಿಗಾಗಿ. ಅವನು ಮೈಸೂರು ಕಡೆಯವನು, ಸಾಫ್ಟ್‌ವೇರ್ ಕಂಪನಿಯಲ್ಲಿ ಡೈರೆಕ್ಟರ್. ಕನ್ನಡದವರ ಯಾವ ಕಾರ್ಯಕ್ರಮವಾದರೂ ಮೈಕು ಅವನ ಕೈಯಲ್ಲಿ. ಜುಲೈನಲ್ಲಿ ಹದಿನಾಲ್ಕು ಜನರನ್ನು ಆಲ್ಪ್ಸ್‌ಗೆ ಕರೆದೊಯ್ಯುತ್ತೇನೆ, ಪ್ಲಾನ್ ಮಾಡಿಕೊಡಿ ಎಂದು ಮನೆಗೆ ಬಂದು ಕೂತಿದ್ದ. "ನೀವೂ ಆಂಟಿನೂ ಬರಲೇಬೇಕು ಅಂಕಲ್. ಗಾರ್ಡ್ ಇಲ್ದೆ ಗಾಡಿ ಹೊರಡುತ್ತಾ?" ಎಂದಿದ್ದ. ಡಿಸೆಂಬರಿನಿಂದ ಮಾರ್ಚಿನವರೆಗೆ ಮುದುಕರು ಅದೊಂದನ್ನೇ ಮಾಡಿದರು. ಒಂದು ಮಧ್ಯಾಹ್ನ ಪೆನ್ಸಿಲು ಕೆಳಗಿಟ್ಟು ಹೆಂಡತಿಗೆ ಹೇಳಿದರು. "ಈ ಸಲ ಮುಂದ ನೋಡ್ಕೋತ ಕುಂದರ್ತೀನಿ." ಅಷ್ಟು ಆಸೆಯ ಮಾತನ್ನು ಅವರು ಮದುವೆಯ ಹೊಸತರಲ್ಲೂ ಆಡಿರಲಿಲ್ಲ.

ಅಶ್ವತ್ಥನಾರಾಯಣ ನೋಟ್‌ಬುಕ್ ಒಯ್ದು ಒಂದೇ ದಿನದಲ್ಲಿ ತಂದುಕೊಟ್ಟ. ಯುಗಾದಿಯ ಕಾರ್ಯಕ್ರಮದಲ್ಲಿ, ಬೇವುಬೆಲ್ಲದ ಜೊತೆಗೆ, ಕಂಪ್ಯೂಟರಿನಲ್ಲಿ ಟೈಪು ಮಾಡಿದ ಹಾಳೆಗಳನ್ನು ಹಂಚಿದ. ಸೌಜನ್ಯಾ ಒಂದನ್ನು ತೆಗೆದುಕೊಂಡು ಅಪ್ಪನಿಗೆ ಓದಿ ಹೇಳತೊಡಗಿದವಳು ನಡುವೆ ನಿಲ್ಲಿಸಿದಳು. ಮೇಲೆ ‘ಯೋಜನೆ: ಅಶ್ವತ್ಥನಾರಾಯಣ’ ಎಂದಿತ್ತು. ಕೆಳಗೆ ಹನ್ನೆರಡು ಹೆಸರು. ಇವರಿಬ್ಬರದು ಇರಲಿಲ್ಲ.

ಶಿವಶಂಕರಪ್ಪ ಎದ್ದು ಅವನ ಹತ್ತಿರ ಹೋದರು. ಹೆಸರಿನ ಮಾತೇ ಎತ್ತಲಿಲ್ಲ. ಕೆಂಪು ಎಲ್ಲಿ ಎಂದು ಕೇಳಿದರು. ಆಫೀಸಿನ ಮಷೀನಿನಲ್ಲಿ ಜೆರಾಕ್ಸ್ ತೆಗೆದಾಗ ತೆಳ್ಳಗಿನ ಕೆಂಪು ಪೆನ್ಸಿಲು ಮೂಡಿರಲೇ ಇಲ್ಲ, ಜೆರಾಕ್ಸ್ ನೋಡಿ ಟೈಪು ಮಾಡಿದವನಿಗೆ ಅದು ಗೊತ್ತೂ ಇರಲಿಲ್ಲ. ಅಶ್ವತ್ಥನಾರಾಯಣ ಅವರ ಹೆಗಲ ಮೇಲೆ ಕೈ ಹಾಕಿ, ಸುತ್ತ ನಿಂತವರಿಗೆ ಕೇಳುವಂತೆ ಹೇಳಿದ. "ನಾವೆಲ್ಲ ಎಜುಕೇಟೆಡ್ ಪೀಪಲ್ ಅಂಕಲ್, ಮ್ಯಾನೇಜ್ ಮಾಡ್ತೀವಿ. ಈ ವಯಸ್ಸಲ್ಲಿ ನಿಮಗ್ಯಾಕೆ ಸ್ಟ್ರೆಸ್? ನೀವಿಬ್ರೂ ಬಂದ್ರೆ ಗ್ರೂಪ್ ಸ್ಲೋ ಆಗುತ್ತೆ."

ನಾಲ್ಕು ಜನ ನಕ್ಕರು. ಶಿವಶಂಕರಪ್ಪನೂ ನಕ್ಕರು. ಗುರುಸಿದ್ದಮ್ಮ ನಗಲಿಲ್ಲ.

ಹನ್ನೊಂದು ದಿನಕ್ಕೆ ಅವರು ಊಟದ ಮೇಜಿನ ಮುಂದೆ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಡಾಕ್ಟರು ಹಳೆಯ ಕಾಯಿಲೆ ಎಂದರು. ಗುರುಸಿದ್ದಮ್ಮನಿಗೆ ಆ ಮಾತು ಬೇಕಿರಲಿಲ್ಲ. ನಮ್ಮ ಜನರಲ್ಲಿ ಹೆಣವನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಅಲ್ಲಿ ಅದಕ್ಕೆ ಬಿಡಲಿಲ್ಲ, ಪೆಟ್ಟಿಗೆಯಲ್ಲಿ ಮಲಗಿಸಿದರು. ಅಶ್ವತ್ಥನಾರಾಯಣ ಹಾರ ಹಿಡಿದು ಬಂದಿದ್ದ. ಮಣ್ಣು ಹಾಕಿ ಮುಗಿಯುವುದರೊಳಗೆ ಎರಡು ಸಲ ಕೈಗಡಿಯಾರ ನೋಡಿದ. ಅವಳು ಎಣಿಸಿದಳು.

ಮೇ ತಿಂಗಳ ಕೊನೆಗೆ ಟಪಾಲಿನಲ್ಲಿ ಒಂದು ಪಾರ್ಸೆಲ್ ಬಂತು, ಸತ್ತವರ ಹೆಸರಿಗೆ. ವೇಳಾಪಟ್ಟಿಯ ಹೊಸ ಪುಸ್ತಕ. ಆ ದೇಶದಲ್ಲಿ ಬೇಸಿಗೆ ಶುರುವಾಗುವಾಗ ಗಾಡಿಗಳ ವೇಳೆ ಬದಲಾಗುತ್ತದೆ ಎಂದು ಶಿವಶಂಕರಪ್ಪ ಮೊದಲೇ ತರಿಸಲು ಹೇಳಿದ್ದರು. ಸೌಜನ್ಯಾ ಅದನ್ನು ಕಣ್ಣಿಗೆ ಬೀಳದ ಕಡೆ ಎತ್ತಿಡಲು ಹೋದಳು. ಗುರುಸಿದ್ದಮ್ಮ ಕಸಿದುಕೊಂಡಳು. ನೋಟ್‌ಬುಕ್ಕಿನಲ್ಲಿ ಪಟ್ಟಿಯ ನಂಬರು ಇತ್ತು, ಪುಸ್ತಕದಲ್ಲಿ ಅದೇ ನಂಬರು ಹುಡುಕಿದಳು. ಕೂಗಿದರೆ ಬರೆದುಕೊಳ್ಳುವವರು ಇರಲಿಲ್ಲ. ತಾನೇ ಕೂಗಿ ತಾನೇ ಬರೆದಳು. ಹತ್ತು ದಿನ ಹಿಡಿಯಿತು. ಮೂರು ಕಡೆ ವೇಳೆ ಸರಿದಿತ್ತು. ಅಶ್ವತ್ಥನಾರಾಯಣನ ಹಾಳೆ ನಂಬಿ ಹೋದವರು ಮೊದಲ ದಿನವೇ ಒಂದು ಗಾಡಿ ತಪ್ಪಿಸಿಕೊಳ್ಳುತ್ತಿದ್ದರು.

ಅವಳಿಗೆ ಖುಷಿಯಾಯಿತು. ತಪ್ಪಿಸಿಕೊಳ್ಳಲಿ ಎಂದು ಸುಮ್ಮನೆ ಕೂತಳು.

ಜೂನ್ ಮೊದಲ ವಾರ ರಾಜಿ ಬಂದಳು. ವಿಜಾಪುರದ ಹುಡುಗಿ, ಗಂಡ ಜಯತೀರ್ಥ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದ, ಎರಡು ವರ್ಷದ ಮಗಳು. ಅವರೂ ಹನ್ನೆರಡರಲ್ಲಿ ಸೇರಿದ್ದರು. ದಾರಿಗೆ ರೊಟ್ಟಿ ಒಯ್ದರೆ ಎಷ್ಟು ದಿನ ತಡೆಯುತ್ತದೆ ಎಂದು ಕೇಳಲು ಬಂದಿದ್ದಳು. ಗುರುಸಿದ್ದಮ್ಮ ಹಾಳೆ ಓದಿಸಿ ಕೇಳಿದಳು. ಕೊನೆಯ ದಿನದ್ದು ಹೀಗಿತ್ತು: ಸೇಂಟ್ ಮೊರಿಟ್ಜ್‌ನಿಂದ ಬೆಟ್ಟದ ಗಾಡಿಯಲ್ಲಿ ತಿರಾನೋ, ಅಲ್ಲಿ ಊಟ, ಸಂಜೆಗೆ ವಾಪಸ್. ನೋಟ್‌ಬುಕ್ಕಿನ ಆ ಪುಟದಲ್ಲಿ ಅರ್ಧ ಪುಟ ಕೆಂಪಿತ್ತು. ತಿರಾನೋ ಇಟಲಿಯೊಳಗಿನ ಊರು. ಸ್ವಿಟ್ಜರ್ಲೆಂಡಿನ ವೀಸಾ ಅಲ್ಲಿ ನಡೆಯುವುದಿಲ್ಲ. ನಮ್ಮ ಇಂಡಿಯಾದ ಪಾಸ್‌ಪೋರ್ಟಿನವರು ಗಡಿಗೆ ಮುಂಚಿನ ಸ್ಟೇಷನ್ನಿನಲ್ಲೇ ಇಳಿದುಬಿಡಬೇಕು, ಒಂದು ಸಲದ ವೀಸಾ ಇದ್ದವರು ದಾಟಿದರೆ ತಿರುಗಿ ಒಳಗೆ ಬರುವಂತಿಲ್ಲ.

"ನಿಮ್ದು ಯಾ ದೇಶದ ಪಾಸ್‌ಪೋರ್ಟ್ ಅವ್ವಾ?"

"ಇಂಡಿಯಾದ್ದ ಆಂಟಿ. ವೀಸಾ ಒಂದ ಸಲದ್ದು ಕೊಟ್ಟಾರ. ಯಾಕ್ರೀ?"

"ಏನಿಲ್ಲ, ಚಾ ಕುಡಿ."

ಎರಡು ದಿನ ಅವಳು ಅದನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸಿದಳು. ಗಡಿಯಲ್ಲಿ ಪೊಲೀಸರು ತಡೆದು ನಿಲ್ಲಿಸುವುದು, ಎಲ್ಲರೂ ಅಶ್ವತ್ಥನಾರಾಯಣನ ಕಡೆಗೆ ತಿರುಗುವುದು, ಸುದ್ದಿ ನ್ಯೂಜೆರ್ಸಿಗೆ ಬರುವುದು, ಮುಂದಿನ ಯುಗಾದಿಗೆ ಮೈಕು ಹಿಡಿಯಲು ಅವನಿಗೆ ಮುಖ ಇಲ್ಲದಿರುವುದು. ಮೂರನೆಯ ದಿನ ರೊಟ್ಟಿ ತಟ್ಟುವಾಗ ಬೇರೆ ಲೆಕ್ಕ ಹೊಳೆಯಿತು. ಅವನದು ಅಮೆರಿಕದ ಪಾಸ್‌ಪೋರ್ಟು. ಅವನನ್ನು ಯಾರು ತಡೆಯುತ್ತಾರೆ? ಕೂಸು ಎತ್ತಿಕೊಂಡು ನಿಲ್ಲುವವಳು ರಾಜಿ. ಅವನು ಸಾರಿ ಎಂದು ಹೇಳಿ, ತಿರಾನೋದಲ್ಲಿ ಉಂಡು, ವಿಮಾನ ಹತ್ತಿ ಬರುತ್ತಾನೆ. ಇಷ್ಟು ಕಷ್ಟಪಟ್ಟು ಹೊಡೆದ ಕಲ್ಲು ಅವನಿಗೆ ತಾಗದೆ ಹೋಗುವುದಾದರೆ ಹೊಡೆದು ಏನು ಬಂತು?

ಒಲೆ ಆರಿಸಿ ರಾಜಿಗೆ ಫೋನು ಮಾಡಿದಳು.

ಹನ್ನೆರಡು ಜನರಲ್ಲಿ ಏಳು ಜನರದು ಇಂಡಿಯಾದ ಪಾಸ್‌ಪೋರ್ಟು. ಸಂಜೆಯೊಳಗೆ ಏಳೂ ಜನರಿಗೆ ಸುದ್ದಿ ಮುಟ್ಟಿತು. ಏಳೂ ಜನ ಹಿಲ್ಸ್‌ಬರೋಗೆ ಫೋನು ಮಾಡಿದರು. ಶನಿವಾರ ಬೆಳಿಗ್ಗೆ ಅಶ್ವತ್ಥನಾರಾಯಣ ಸ್ವೀಟಿನ ಡಬ್ಬಿ ಹಿಡಿದು ಮಾನ್ಮತ್ ಜಂಕ್ಷನ್‌ಗೆ ಬಂದ.

ನೋಟ್‌ಬುಕ್ ಒಂದೇ ಒಂದು ದಿನಕ್ಕೆ ಬೇಕಿತ್ತು ಎಂದ. ಅಂಕಲ್ ಇಲ್ಲದ್ದು ದೊಡ್ಡ ಲಾಸ್ ಎಂದ. ಬೇಕಾದರೆ ಹಾಳೆಯ ಮೇಲೆ ಅವರ ಹೆಸರನ್ನೂ ಹಾಕಿಸುತ್ತೇನೆ ಎಂದ.

"ಹೆಸರು ಇರ್ಲಿ ಸಾಹೇಬ್ರ. ಗಾಡ್ಯಾಗ ಸೀಟ್ ಎಷ್ಟು ಹಿಡದೀರಿ?"

"ಹನ್ನೆರಡು ಆಂಟಿ. ಜುಲೈ ಫುಲ್ಲಾಗಿದೆ. ಇನ್ನೊಂದು ಕೇಳಿದ್ರೂ ಸಿಗಲ್ಲ."

"ಬ್ಯಾಡ. ನಿಮ್ಮದ ನಂಗ ಬಿಡ್ರಿ. ನಾ ಬರ್ತೀನಿ, ನನ್ನ ಕೂಡ ನೋಟ್‌ಬುಕ್ ಬರ್ತೈತಿ. ನೀವು ಬರೂದಿಲ್ಲ."

ಅವನು ನಕ್ಕ. ಅವಳು ನಗದಿದ್ದುದನ್ನು ನೋಡಿ ಸೌಜನ್ಯಾಳ ಕಡೆ ತಿರುಗಿದ. ಸೌಜನ್ಯಾ ಮೆಲ್ಲಗೆ, ಬಿಡವ್ವ, ಸಾಕು ಎಂದಳು. ಗುರುಸಿದ್ದಮ್ಮ ಮಗಳ ಮುಖ ನೋಡಲಿಲ್ಲ.

"ನನ್ನ ಗಂಡನ್ನ ಸ್ಲೋ ಅಂದ್ರಿ. ನಾಕು ಮಂದಿ ಮುಂದ ಅಂದ್ರಿ. ಅವ್ರು ಹತ್ತದ ಗಾಡಿ ನೀವೂ ಹತ್ತೂದಿಲ್ಲ. ಇಷ್ಟ ನನ್ನ ಮಾತು."

"ದಿಸ್ ಈಸ್ ಬ್ಲ್ಯಾಕ್‌ಮೇಲ್," ಎಂದ ಅಶ್ವತ್ಥನಾರಾಯಣ ಸೌಜನ್ಯಾಗೆ.

ಹಾಗಂದರೇನು ಎಂದು ಗುರುಸಿದ್ದಮ್ಮ ಕೇಳಿದಳು. ಮಗಳು ತಡವರಿಸುತ್ತ ಅರ್ಥ ಹೇಳಿದಳು.

"ಹೌದಂತ ಹೇಳು ಅವ್ರಿಗೆ."

ಅವನು ಸ್ವೀಟಿನ ಡಬ್ಬಿ ಅಲ್ಲೇ ಬಿಟ್ಟು ಹೋದ. ಅವಳು ಅದನ್ನು ಗುಜರಾತಿ ಹೆಂಗಸಿಗೆ ಕೊಟ್ಟಳು.

ಅವನೇನು ದಡ್ಡನಲ್ಲ. ಇಂಟರ್‌ನೆಟ್ಟಿನಲ್ಲಿ ಕೂತು ಎರಡು ದಿನದಲ್ಲಿ ಹೊಸ ಹಾಳೆ ತಯಾರಿಸಿ ಎಲ್ಲರಿಗೂ ಈಮೇಲ್ ಕಳಿಸಿದ. ವೇಳೆ ಸರಿಯಿತ್ತು. ತಿರಾನೋ ತೆಗೆದುಹಾಕಿದ್ದ. ಬ್ರಿಗ್‌ನಲ್ಲಿ ಗಾಡಿ ಬದಲಾಯಿಸಲು ಐದು ನಿಮಿಷ ಇಟ್ಟಿದ್ದ. ರಾಜಿ ಫೋನಿನಲ್ಲಿ ಓದಿ ಹೇಳಿದಳು. ಗುರುಸಿದ್ದಮ್ಮ ಬಯ್ಯಲಿಲ್ಲ. ಕೂಸಿನ ತಳ್ಳುಗಾಡಿ, ಎರಡು ಸೂಟ್‌ಕೇಸು, ಸ್ಟೇಷನ್ನಿನ ಹೊರಗೆ ಬರಬೇಕು, ಐದು ನಿಮಿಷದಲ್ಲಿ ಆಗುತ್ತದೆಯೇ ನೀನೇ ನಡೆದು ನೋಡು ಎಂದಳು. ರಾಜಿ ಗಂಡನನ್ನೂ ಸಾಮಾನನ್ನೂ ಕಟ್ಟಿಕೊಂಡು ತಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ ನಡೆದಳು. ಎಂಟೂವರೆ ನಿಮಿಷ. ಮರುದಿನ ಏಳು ಜನ ಒಟ್ಟಾಗಿ ಹೇಳಿದರು, ಆಂಟಿ ಬರದಿದ್ದರೆ ನಾವು ಕ್ಯಾನ್ಸಲ್.

ಕೊನೆಗೆ ಫೋನು ಮಾಡಿದ್ದು ಅವನ ಹೆಂಡತಿ ಕೌಸಲ್ಯಾ. ಕೌಸಲ್ಯಾಳ ಮೇಲೆ ಗುರುಸಿದ್ದಮ್ಮನಿಗೆ ಹಗೆ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಬೇಡಿಕೊಳ್ಳುತ್ತಾಳೆ ಎಂದು ಗಟ್ಟಿಯಾಗಿ ಕೂತಳು.

"ನೀವು ಬನ್ನಿ ಆಂಟಿ. ಅವರು ಬರ್ತಿಲ್ಲ. ನಾನು ಬರ್ತೀನಿ," ಎಂದಳು ಕೌಸಲ್ಯಾ. "ಹತ್ತೊಂಬತ್ತು ವರ್ಷದಿಂದ ಅವರ ಪ್ಲಾನಲ್ಲೇ ಇದೀನಿ," ಎಂದು ಫೋನು ಇಟ್ಟಳು.

ಆಫೀಸಿನಲ್ಲಿ ಅರ್ಜೆಂಟ್ ಕೆಲಸ ಬಂದಿದೆ, ಅದಕ್ಕೇ ಹೋಗುತ್ತಿಲ್ಲ ಎಂದು ಅಶ್ವತ್ಥನಾರಾಯಣ ಊರೆಲ್ಲ ಹೇಳಿಕೊಂಡ. ಗುರುಸಿದ್ದಮ್ಮ ಅಷ್ಟನ್ನೂ ಅವನಿಗೆ ಉಳಿಸಲಿಲ್ಲ. ದೇವಸ್ಥಾನದಲ್ಲಿ, ಪಟೇಲರ ಕಿರಾಣಿ ಅಂಗಡಿಯಲ್ಲಿ, ಯಾರು ಕೇಳಿದರೂ ಹೇಳಿದಳು. "ಕೆಲಸ ಏನಿಲ್ಲ, ನಾ ಇಳಿಸೀನಿ." ಕೇಳಿದವರು ಆ ಕಡೆ ಈ ಕಡೆ ನೋಡಿದರು. ಹೊಸದಾಗಿ ವಿಧವೆಯಾದವಳು ಹೀಗೆಲ್ಲ ಮಾತಾಡಬಾರದಿತ್ತು ಎಂದು ಒಬ್ಬಿಬ್ಬರು ಸೌಜನ್ಯಾಗೆ ಹೇಳಿದರು. ಮೂರು ತಿಂಗಳೂ ಆಗಿಲ್ಲ, ಟೂರಿಗೆ ಹೊರಟಿದ್ದಾಳೆ ಎಂದೂ ಆಡಿಕೊಂಡರು. ಅದು ಅವಳ ಕಿವಿಗೂ ಬಿತ್ತು. ಅವಳು ನ್ಯೂಯಾರ್ಕಿಗೆ ಹೋಗಿ ವೀಸಾಕ್ಕೆ ಸಾಲಿನಲ್ಲಿ ನಿಂತು ಬಂದಳು.

ಹೊರಡುವ ದಿನ ನೂವರ್ಕ್ ಏರ್‌ಪೋರ್ಟಿಗೆ ಅಶ್ವತ್ಥನಾರಾಯಣ ಹೆಂಡತಿಯನ್ನು ಬಿಡಲು ಬಂದಿದ್ದ. ಗುರುಸಿದ್ದಮ್ಮ ತನ್ನ ಸೂಟ್‌ಕೇಸನ್ನೂ ಅವನ ಸಾಮಾನಿನ ಗಾಡಿಗೆ ಏರಿಸಿದಳು. ಅವನು ತಳ್ಳಿಕೊಂಡು ಬಂದ. ಕೌಂಟರಿನ ಹತ್ತಿರ, ಯಾರಿಗೂ ಕೇಳದಂತೆ, "ಈಗ ಸಮಾಧಾನ ಆಯ್ತಾ ಆಂಟಿ?" ಎಂದ.

ಅವಳು ಯೋಚಿಸಿ ಉತ್ತರ ಕೊಟ್ಟಳು. "ಇಲ್ರಿ."

ಬ್ರಿಗ್‌ನಲ್ಲಿ ಹನ್ನೆರಡೂ ಜನ ವೇಳೆಗೆ ಸರಿಯಾಗಿ ಸಣ್ಣ ಗಾಡಿ ಹಿಡಿದರು, ಝರ್ಮಾಟ್ ಎಂಬ ಬೆಟ್ಟದೂರು ಮುಟ್ಟಿದರು. ಮರುದಿನ ಅಲ್ಲಿಂದ ಸೇಂಟ್ ಮೊರಿಟ್ಜ್‌ಗೆ ದೊಡ್ಡ ಗಾಜಿನ ಕಿಟಕಿಗಳ ಗಾಡಿ. ಗುರುಸಿದ್ದಮ್ಮ ಕಿಟಕಿಯ ಪಕ್ಕ, ಗಾಡಿ ಹೋಗುವ ದಿಕ್ಕಿಗೆ ಮುಖ ಮಾಡಿ ಕೂತಳು. ಮಧ್ಯಾಹ್ನ ಗಾಡಿ ಓಬರಾಲ್ಪ್ ಎಂಬ ಘಾಟಿನ ತುದಿಗೆ ಏರಿತು. ಜುಲೈನಲ್ಲೂ ಅಲ್ಲಲ್ಲಿ ಹಿಮ. ಕೆಳಗೆ ಕೆರೆ. ಎಲ್ಲರೂ ಎದ್ದು ಫೋಟೋ ಹೊಡೆದರು. ರಾಜಿಯ ಕೂಸು ಗಾಜಿಗೆ ಮೂಗು ಒತ್ತಿ ನಿಂತಿತ್ತು. ಗುರುಸಿದ್ದಮ್ಮನಿಗೆ ಬೆಟ್ಟ ಕಾಣಲಿಲ್ಲ. ಕಣ್ಣು ತುಂಬಿ ಹರಿಯಿತು. ಸೆರಗು ಬಾಯಿಗೆ ಒತ್ತಿಕೊಂಡು, ಅಷ್ಟು ದಿನ ಅಳದಿದ್ದುದನ್ನೆಲ್ಲ ಅಲ್ಲಿ ಅತ್ತಳು. ಎದುರಿಗೆ ಕೂತ ಕೌಸಲ್ಯಾ ಹೊರಗೆ ನೋಡುತ್ತಿದ್ದಳು.

ಗಾಡಿ ಇಳಿಜಾರಿಗೆ ಬಿದ್ದ ಮೇಲೆ ಗುರುಸಿದ್ದಮ್ಮ ಮುಖ ಒರೆಸಿಕೊಂಡು ಕೇಳಿದಳು, ಹಿಲ್ಸ್‌ಬರೋದಲ್ಲಿ ಈಗ ಎಷ್ಟು ಹೊತ್ತು.

ಕೌಸಲ್ಯಾ ಗಡಿಯಾರ ನೋಡಿ ಲೆಕ್ಕ ಹಾಕಿದಳು. "ಬೆಳಿಗ್ಗೆ ಎಂಟು. ಇವರು ಕಾರಲ್ಲಿರ್ತಾರೆ ಆಂಟಿ. ಟ್ರಾಫಿಕ್ಕಲ್ಲಿ."

ಗುರುಸಿದ್ದಮ್ಮ ಅದನ್ನು ಮನಸ್ಸಿನಲ್ಲಿ ಚೆನ್ನಾಗಿ ನೋಡಿದಳು. ಮುಂದೆ ಕಾರು, ಹಿಂದೆ ಕಾರು, ನಡುವೆ ಅವನು. ಅವಳಿಗೆ ಹಸಿವಾಯಿತು. ಗಂಡ ತೀರಿಕೊಂಡ ಮೇಲೆ ಹೊಟ್ಟೆ ಹಸಿದದ್ದು ಅದೇ ಮೊದಲು. ಚೀಲದಿಂದ ರೊಟ್ಟಿಯ ಗಂಟು ತೆಗೆದು ಬಿಚ್ಚಿ, ಕೌಸಲ್ಯಾಳಿಗೂ ಒಂದು ಕೊಟ್ಟಳು.