ಒದರಿ ಹಾಕಿದ ಅಂಗಿ

ನಮ್ಮ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಇಲ್ಲದೆ ಇಲ್ಲ. ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟದ್ದು, ಡಬ್ಬದ ಸಮೇತ ಅಟ್ಟದ ಮೇಲೆ ಕೂತಿದೆ. ಅದನ್ನು ಇಳಿಸುವ ಪ್ರಸಂಗವೇ ಬರದ ಹಾಗೆ ನೋಡಿಕೊಂಡವಳು ಅವ್ವ. ಪಿರಿಯಾಪಟ್ಟಣದ ಹೈಸ್ಕೂಲಿಗೆ ಮೇಷ್ಟ್ರಾಗಿ ಸೇರಿದಂದಿನಿಂದ ನಾನು ತೊಟ್ಟುಕೊಂಡು ಹೋದ ಅಂಗಿಗಳೆಲ್ಲ ಅವಳ ಕೈಯಲ್ಲೇ ಒಗೆದು ಒಣಗಿದವು. ಸ್ಟಾಫ್ ರೂಮಿನಲ್ಲಿ ಯಾರಾದರೂ "ಇಸ್ತ್ರಿಗೆ ಎಲ್ಲಿ ಕೊಡ್ತೀರಿ ಸಾರ್?" ಎಂದು ಕೇಳಿದರೆ "ಬ್ಯಾರನ್ನಿಗೆ" ಎನ್ನುತ್ತಿದ್ದೆ. ತಮಾಷೆ ಎಂದುಕೊಂಡು ನಗುತ್ತಿದ್ದರು.

ತಮಾಷೆಯೇನಲ್ಲ. ಕಂಪಲಾಪುರದಿಂದ ಒಳಕ್ಕೆ ಹೋದರೆ ಸಿಗುವ ನಮ್ಮೂರಲ್ಲಿ ಹೊಗೆಸೊಪ್ಪು ಬೆಳೆಯದ ಮನೆ ಕಡಿಮೆ. ಸೊಪ್ಪನ್ನು ಉದ್ದನೆಯ ಬಿದಿರು ಕಡ್ಡಿಗೆ ಕಟ್ಟಿ, ಆ ಕಡ್ಡಿಗಳನ್ನು ಬ್ಯಾರನ್ ಎನ್ನುವ ಎತ್ತರದ ಮನೆಯೊಳಗೆ ಸಾಲು ಸಾಲಾಗಿ ಏರಿಸಿ, ಬೆಂಕಿ ಹಾಕಿ ಬೇಯಿಸುತ್ತೇವೆ. ಅವ್ವ ಅಂಗಿಗೂ ಅದೇ ಕಡ್ಡಿ ಹಾಕುತ್ತಿದ್ದಳು. ಒಂದು ತೋಳಿನಿಂದ ಇನ್ನೊಂದು ತೋಳಿಗೆ ಕಡ್ಡಿ ತೂರಿಸಿ, ಬ್ಯಾರನ್ನಿನ ಸೂರಿನ ಕೆಳಗೆ, ಬಿಸಿಲು ನೇರ ಬೀಳದ ಕಡೆ ತೂಗುಹಾಕುವಳು. ಹೆಗಲ ಮೇಲೆ ತಂತಿಯ ಗುರುತು ಬೀಳುತ್ತಿರಲಿಲ್ಲ, ಕ್ಲಿಪ್ಪು ಕಚ್ಚಿದ ಗಾಯವೂ ಇರುತ್ತಿರಲಿಲ್ಲ. ಹೊಸಬರು ನೋಡಿದರೆ ತಲೆಯಿಲ್ಲದ ಮೇಷ್ಟ್ರುಗಳು ಕೈ ಚಾಚಿ ನಿಂತ ಹಾಗಿರುತ್ತಿತ್ತು.

ಅವಳ ಕಟ್ಟುನಿಟ್ಟು ಒಂದೆರಡಲ್ಲ. ಅಂಗಿಯನ್ನು ಹಿಂಡಬಾರದು. "ಇಂಡುದ್ರೆ ಸುಕ್ಕು ಕುಂತ್ಕಬುಡ್ತದೆ ಕಣ್ಲಾ. ನೀರು ತಾನಾಗೇ ಇಳೀಲಿ ಬುಡು," ಎನ್ನುವಳು. ನೀರು ಸೋರಿದ ಮೇಲೆ ಹೆಗಲ ಎರಡೂ ಕಡೆ ಹಿಡಿದು ಫಟ್ ಎಂದು ಒದರಬೇಕು. ಕತ್ತಿನ ಗುಂಡಿ ಹಾಕಿ, ಕಾಲರನ್ನೂ ಗುಂಡಿಪಟ್ಟಿಯನ್ನೂ ಅಂಗೈಯಲ್ಲಿ ಸವರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪೂರ್ತಿ ಒಣಗಲು ಬಿಡಬಾರದು. ಬೆಂದ ಸೊಪ್ಪನ್ನು ಬ್ಯಾರನ್ನಿನಿಂದ ಇಳಿಸುವ ಮೊದಲು ನಾವು ಬಾಗಿಲು ತೆರೆದು, ಅದು ಗಾಳಿಯ ತೇವ ಕುಡಿದು ಮೆತ್ತಗಾಗಲಿ ಎಂದು ಕಾಯುತ್ತೇವೆ. ಅದಕ್ಕೆ ಹದ ಬರುವುದು ಅನ್ನುತ್ತಾರೆ. ಹದವಿಲ್ಲದ ಸೊಪ್ಪು ಮುಟ್ಟಿದರೆ ಪುಡಿಪುಡಿ. "ಸೊಪ್ಗೆ ಅದ ಬರ್ಬೇಕು, ಅಂಗಿಗೆ ಅದ ಇರ್ಬೇಕು. ಅದು ಓಗೋದ್ರೊಳ್ಗೇ ತಗಂಡು ಮಡುಚ್ಬೇಕು," ಎಂಬುದು ಅವ್ವನ ಲೆಕ್ಕಾಚಾರ. ಹಾಗೆ ಮಡಚಿದ್ದನ್ನು ತನ್ನ ಹಾಸಿಗೆಯ ಕೆಳಗಿಟ್ಟು ಅದರ ಮೇಲೆ ಮಲಗುವಳು. ಬೆಳಗ್ಗೆ ನಾನು ತೊಡುತ್ತಿದ್ದ ಅಂಗಿ ಅವ್ವನ ಮೈಭಾರಕ್ಕೆ ಇಸ್ತ್ರಿಯಾದದ್ದು.

ಈ ಒದರುವ ಮಾತಿಗೆ ನಮ್ಮ ಮನೆಯಲ್ಲಿ ಒಂದು ಹಳೆಯ ನಗೆಯಿದೆ. ಬಟ್ಟೆ ಕೊಡವುವುದನ್ನೂ ನಾವು ಒದರುವುದು ಅನ್ನುತ್ತೇವೆ, ಗಂಟಲು ಹರಿಯುವ ಹಾಗೆ ಕೂಗುವುದನ್ನೂ ಒದರುವುದು ಅನ್ನುತ್ತೇವೆ. ನಾನಿನ್ನೂ ಚಿಕ್ಕವನು, ಸ್ಕೂಲಿಗೆ ಸೇರಿದ ಹೊಸತು. ಅವ್ವ ಒಗೆಯುವ ಕಲ್ಲಿನ ಹತ್ತಿರ ಕರೆದು, ನನ್ನ ಯೂನಿಫಾರ್ಮಿನ ಅಂಗಿಯನ್ನು ಕೈಗಿಟ್ಟು "ಇಡ್ಕಂಡು ಒದ್ರು, ನೋಡವ" ಅಂದಳು. ನಾನು ಅಂಗಿಯನ್ನು ಎದೆಗೆ ಅವುಚಿಕೊಂಡು, ಕಣ್ಣು ಮುಚ್ಚಿ, "ಓ..." ಎಂದು ಊರು ಕೇಳುವ ಹಾಗೆ ಅರಚಿದೆ. ಅವ್ವ ನಕ್ಕು ನಕ್ಕು ಕಲ್ಲಿನ ಮೇಲೇ ಕುಸಿದಳು. ಬಂದವರಿಗೆಲ್ಲ ಹೇಳಿಕೊಂಡು ನಕ್ಕಳು. ನನ್ನ ಮದುವೆಯಲ್ಲೂ ಹೇಳಿ ಮಾನ ಕಳೆದಳು.

ಅವಳ ನಗುವೂ ಊರಿಗೆ ಕೇಳುವಂಥದ್ದು, ಕೂಗೂ ಹಾಗೇ. ಹಿತ್ತಲಲ್ಲಿ ನಿಂತು ಕರೆದರೆ ಹೊಲದ ಆಚೆ ತುದಿಯಲ್ಲಿ ಸೊಪ್ಪು ಮುರಿಯುತ್ತಿದ್ದ ಆಳುಗಳು ಕಾಫಿಗೆ ಎದ್ದು ಬರುತ್ತಿದ್ದರು. ಅಡಿಗೆಮನೆಯಲ್ಲಿದ್ದ ನನ್ನ ಹೆಂಡತಿಯಂತೂ ಅತ್ತೆಯ ಒಂದು ಕೂಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬರುವಳು. "ನಿಮ್ಮವ್ವುಂಗೆ ಮೈಕ್ ಯಾಕ್ರೀ ಬೇಕು?" ಎಂದು ನನ್ನ ಹತ್ತಿರ ಗೊಣಗುವಳು.

ಆ ಗಂಟಲೇ ಕೆಟ್ಟಿತು. ಮೊದಲು ದನಿ ಒಡೆಯಿತು. ಅವ್ವ ಮೆಣಸಿನ ಕಷಾಯ ಕುಡಿದಳು, ತಂಡಿಯಾಗಿದೆ ಅಂದಳು. ತಂಡಿ ಹೋಗುವ ಕಾಲ ಬಂದರೂ ದನಿ ತಿರುಗಿ ಬರಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, ಎಲೆ ಅಡಿಕೆ ಹಾಕುತ್ತಾರಾ, ಜೊತೆಗೆ ಹೊಗೆಸೊಪ್ಪು ಇದೆಯಾ ಎಂದು ಕೇಳಿದರು. ಹೊಗೆಸೊಪ್ಪಿನ ಕಡ್ಡಿಪುಡಿಯಿಲ್ಲದೆ ಅವ್ವ ಎಲೆ ಮಡಚಿದ್ದೇ ನಾನು ಕಂಡಿಲ್ಲ. ನಾವು ಬೆಳೆಯುವ ಸೊಪ್ಪೇ ಬೇರೆ, ಅವಳು ಅಗಿಯುವ ಕಡ್ಡಿಪುಡಿಯೇ ಬೇರೆ ಎಂದು ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ನಾನೇ ವಾದ ಮಾಡಿಕೊಂಡೆ.

ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ಅದನ್ನು ಅವ್ವನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆಸ್ಪತ್ರೆಯ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು.

"ಮಾತೇ ಬರಾಕಿಲ್ವಾ?" ಅಂದಳು, ಉಳಿದಿದ್ದ ಗೊಗ್ಗರು ದನಿಯಲ್ಲಿ.

"ಜೀವ ಉಳೀತದೆ ಕಣವ್ವ."

"ಮಾತು ಓದ್ರೆ ಓಗ್ಲಿ. ಕೂಗಾಕೂ ಆಗಕಿಲ್ವಾ?"

ನಾನು ತಲೆ ತಗ್ಗಿಸಿ ಆಸ್ಪತ್ರೆಯ ಚೀಟಿಗಳನ್ನು ಮಡಚತೊಡಗಿದೆ. ಅವಳೇ ನನ್ನ ಮೊಣಕೈ ತಟ್ಟಿ ಆಚೆ ನೋಡಿದಳು.

ಜೀವವೇನೋ ಉಳಿಯಿತು. ಕತ್ತಿನ ಕೆಳಗೆ ಉಸಿರಾಡಲು ಒಂದು ತೂತು, ಅದರ ಮೇಲೆ ತೆಳ್ಳನೆಯ ಬಿಳಿ ಬಟ್ಟೆ. ಕತ್ತಿಗೆ ಒತ್ತಿ ಹಿಡಿದರೆ ಮಾತು ಬರುವ ಒಂದು ಯಂತ್ರವನ್ನೂ ತಂದುಕೊಟ್ಟೆ. ಅವ್ವ ಒಮ್ಮೆ ಒತ್ತಿದಳು. ಅದರಿಂದ ಬಂದ ಗುಂಯ್ ಎನ್ನುವ ಸದ್ದು ಕೇಳಿ, ಬೇರೆಯವರ ಮನೆಯ ಸಾಮಾನನ್ನು ಹಿಂದಿರುಗಿಸುವ ಹಾಗೆ ನನ್ನ ಕೈಗೇ ಕೊಟ್ಟಳು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದವಳು ಈ ಕಡೆ ತಿರುಗಲೇ ಇಲ್ಲ. ಗಂಜಿಗೆ ಬಲವಂತ ಮಾಡಬೇಕು, ನೀರಿಗೆ ಬಲವಂತ ಮಾಡಬೇಕು. ಹಿತ್ತಲಿಗೆ ಬಾ ಎಂದು ಕರೆದರೆ ಕಣ್ಣು ಮುಚ್ಚಿಕೊಳ್ಳುವಳು. ಡಾಕ್ಟರು ಉಳಿಸಿಕೊಟ್ಟ ಅವ್ವನನ್ನು ನಾವು ಮನೆಯೊಳಗೇ ಕಳೆದುಕೊಳ್ಳುತ್ತಿದ್ದೇವೆ ಎಂದು ನನಗೆ ದಿಗಿಲಾಯಿತು. ಇವಳು ಮತ್ತೆ ನಮ್ಮ ಕಡೆ ತಿರುಗುತ್ತಾಳೋ ಇಲ್ಲವೋ ಎನ್ನುವುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು.

ಅದು ಸೊಪ್ಪು ಬೇಯಿಸುವ ಕಾಲ. ಹೆಂಡತಿ ಬ್ಯಾರನ್ನಿಗೂ ಒಲೆಗೂ ಅವ್ವನ ಗಂಜಿಗೂ ಓಡಾಡಿ ಹೈರಾಣಾಗಿದ್ದಳು. ಬಟ್ಟೆಯೆಲ್ಲ ವಾಷಿಂಗ್ ಮಿಷಿನ್ನಿಗೆ ಬೀಳುತ್ತಿತ್ತು. ಅದು ಅಂಗಿಗಳನ್ನು ಒಂದಕ್ಕೊಂದು ಹೆಣೆದು, ಹಿಂಡಿ, ಸುತ್ತಿ ಇಡುವುದು. ಯಾರಿಗಾದರೂ ನೆನಪಾದಾಗ ಬಿಡಿಸಿ ತಂತಿಯ ಮೇಲೆ ಎಸೆಯುವೆವು. ನಾನು ಆ ಮುದುರಿದ ಅಂಗಿಗಳನ್ನೇ ತೊಟ್ಟು ಬಸ್ಸು ಹತ್ತುತ್ತಿದ್ದೆ. ಇಸ್ತ್ರಿ ಪೆಟ್ಟಿಗೆ ಇಳಿಸಿಕೊಡಲಾ ಎಂದು ಹೆಂಡತಿ ಕೇಳಿದಾಗ ಸಿಡುಕಿದೆ. ಅದನ್ನು ಅಟ್ಟದಿಂದ ಇಳಿಸಿದರೆ ಅವ್ವ ಸತ್ತಳೆಂದು ಒಪ್ಪಿಕೊಂಡ ಹಾಗೆ ಅನ್ನಿಸುತ್ತಿತ್ತು.

ಒಂದು ಸಂಜೆ, ತೇವವಿದ್ದ ಅಂಗಿಯೊಂದನ್ನು ಮಡಚಿ, ಅವ್ವನಿಗೆ ಗೊತ್ತಾಗದ ಹಾಗೆ ಅವಳ ಹಾಸಿಗೆಯ ಕೆಳಗೆ ಸೇರಿಸಿದೆ. ಬೆಳಗ್ಗೆ ತೆಗೆದರೆ ಸುಕ್ಕು ಸುಕ್ಕಾಗಿಯೇ ಇತ್ತು. ಮಲಗಿದ್ದ ಜೀವದಲ್ಲಿ ಒಂದು ಅಂಗಿಯನ್ನು ಒತ್ತುವಷ್ಟು ಭಾರವೂ ಉಳಿದಿರಲಿಲ್ಲ. ಅದನ್ನೇ ತೊಟ್ಟುಕೊಂಡು ಸ್ಕೂಲಿಗೆ ಹೋದೆ. ಅಂದು ಪಾಠ ಮಾಡಿದ್ದು ಏನೆಂದು ನನಗೇ ನೆನಪಿಲ್ಲ.

ಮುಂದಿನ ಭಾನುವಾರ ನನ್ನ ಅಂಗಿಗಳನ್ನು ನಾನೇ ಬಕೆಟ್ಟಿಗೆ ಹಾಕಿಕೊಂಡು ಹಿತ್ತಲಿನ ಕಲ್ಲಿಗೆ ಹೋದೆ. ಒಗೆದೆ. ಗಮನ ಎಲ್ಲೋ ಇತ್ತು, ನೀಲಿ ಅಂಗಿಯನ್ನು ಚೆನ್ನಾಗಿ ಹಿಂಡಿ ತಂತಿಗೆ ಹಾಕಿದೆ. ಇನ್ನೊಂದಕ್ಕೆ ಬಗ್ಗುವಾಗ ಹಿಂದೆ ಬಾಗಿಲ ಸದ್ದಾಯಿತು. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಹಿತ್ತಲಿಗೆ ಕಾಲಿಟ್ಟದ್ದು ಅದೇ ಮೊದಲು. ಯಾವಾಗಿನಿಂದ ನೋಡುತ್ತಿದ್ದಳೋ, ಮುಖದಲ್ಲಿ ಸಿಟ್ಟಿತ್ತು. ಗೋಡೆ ಹಿಡಿದುಕೊಂಡು ಬಂದು, ತಂತಿಯ ಮೇಲಿದ್ದ ಅಂಗಿಯನ್ನು ಎಳೆದು, ಮತ್ತೆ ಬಕೆಟ್ಟಿನ ನೀರಿಗೆ ಅದ್ದಿದಳು. ಎತ್ತಿ, ನೀರು ಸೋರುವ ತನಕ ಕಾದು, ನನ್ನ ಕೈಗಿಟ್ಟಳು. ಎರಡು ಮುಷ್ಟಿಗಳನ್ನು ಮೇಲೆತ್ತಿ ಕೆಳಕ್ಕೆ ಹೊಡೆದು ತೋರಿಸಿದಳು. ನಾನು ಅವಳನ್ನೇ ನೋಡುತ್ತ ನಿಂತುಬಿಟ್ಟಿದ್ದೆ. ನನಗೆ ತಿಳಿಯಲಿಲ್ಲ ಅಂದುಕೊಂಡಳೇನೋ, ತುಟಿಯನ್ನು ನಿಧಾನವಾಗಿ ಆಡಿಸಿದಳು.

ಒದ್ರು.

ನನಗೇನಾಯಿತೋ ಗೊತ್ತಿಲ್ಲ. ತಲೆ ನರೆತ ಮೇಷ್ಟ್ರು ನಾನು, ಒದ್ದೆ ಅಂಗಿಯನ್ನು ಎದೆಗೆ ಅವುಚಿಕೊಂಡು, ಕಣ್ಣು ಮುಚ್ಚಿ, "ಓ..." ಎಂದು ಊರು ಕೇಳುವ ಹಾಗೆ ಅರಚಿದೆ.

ಕಣ್ಣು ಬಿಟ್ಟರೆ ಅವ್ವ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಬಾಯಿ ತೆರೆದಿತ್ತು, ಹೆಗಲು ಕುಲುಕುತ್ತಿತ್ತು, ಕತ್ತಿನ ಬಿಳಿ ಬಟ್ಟೆ ಪಟಪಟ ಹಾರುತ್ತಿತ್ತು. ನಗುತ್ತಿದ್ದಳು. ಬಟ್ಟೆಯ ಹಿಂದಿನಿಂದ ಬರುತ್ತಿದ್ದ ಸುಯ್ ಸುಯ್ ಗಾಳಿ ಬಿಟ್ಟರೆ ಒಂದು ಸದ್ದೂ ಇರಲಿಲ್ಲ.

ಅಡಿಗೆಮನೆಯಿಂದ ಹೆಂಡತಿ ಕೂಗಿದಳು: "ಯಾಕ್ರೀ ಅಂಗ್ ಒದರ್ತೀರಾ? ಅತ್ತೆ ಮನಗವ್ರೆ, ಎದ್ಬುಟ್ಟಾರು!"

"ಅವ್ವ ಇಲ್ಲೇ ಅವ್ಳೆ ಕಣೇ. ನಗ್ತಾವ್ಳೆ."

ಪಾತ್ರೆಯ ಸದ್ದು ನಿಂತಿತು. "ನಗ್ತಾವ್ರಾ?" ಅಂದಳು. ತಡೆದು, "ನಂಗೇನೂ ಕೇಳುಸ್ನೇ ಇಲ್ವಲ್ಲ," ಅಂದಳು.

ಆ ಮಾತು ಅವ್ವನಿಗೂ ಕೇಳಿಸಿತು. ನಗು ಅಲ್ಲಿಗೇ ನಿಂತಿತು. ಕತ್ತಿನ ಬಟ್ಟೆಯನ್ನು ಸರಿಮಾಡಿಕೊಂಡಳು. ಈಗ ಎದ್ದು ಒಳಗೆ ಹೋಗುತ್ತಾಳೆ, ಗೋಡೆ ಕಡೆ ತಿರುಗುತ್ತಾಳೆ, ಮುಗಿಯಿತು ಅಂದುಕೊಂಡೆ. ಎದ್ದಳು. ನನ್ನ ಕೈಯಿಂದ ಅಂಗಿಯನ್ನು ಕಿತ್ತುಕೊಂಡಳು. ಹೆಗಲ ಎರಡೂ ಕಡೆ ಹಿಡಿದು, ಅಡಿಗೆಮನೆಯ ಕಿಟಕಿಯ ಕಡೆ ತಿರುಗಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ಒದರಿದಳು. ಮೊದಲಿನಷ್ಟು ಜೋರಿರಲಿಲ್ಲ. ಆದರೂ ಫಟ್ ಅಂದಿತು.

ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.